ನಾಯಿಮರಿಯ ಬಟ್ಟಲಲ್ಲಿ ಕಂಡ ಸತ್ಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೈಗಾರಿಕಾ ನಗರಗಳ ಇಕ್ಕಟ್ಟಾದ ಓಣಿಗಳಲ್ಲಿ ಕಾಲು ಡೊಂಕಾದ ಮಕ್ಕಳನ್ನು ಕಾಣುವುದು ಅಪರೂಪವಾಗಿರಲಿಲ್ಲ. ಎಳೆಯ ಎಲುಬು ಗಟ್ಟಿಗೊಳ್ಳದೆ ಮೈಭಾರಕ್ಕೆ ಬಾಗಿಹೋಗುವ ಆ ರೋಗಕ್ಕೆ ರಿಕೆಟ್ಸ್ ಎಂದು ಹೆಸರು. ಕೊಳಕು ಗಾಳಿಯೇ ಕಾರಣವೆಂದು ಕೆಲವರೂ ಬಿಸಿಲಿನ ಅಭಾವವೆಂದು ಕೆಲವರೂ ವಾದಿಸುತ್ತಿದ್ದರು. ಅದರ ಉತ್ತರವನ್ನು ನಾಯಿಮರಿಯ ಊಟದ ಬಟ್ಟಲಲ್ಲಿ ಅರಸಿದವರು ಎಡ್ವರ್ಡ್ ಮೆಲನ್ಬಿ.

1884ರಲ್ಲಿ ವೆಸ್ಟ್ ಹಾರ್ಟಲ್‌ಪೂಲ್ ಎಂಬ ಬಂದರಿನ ಊರಿನಲ್ಲಿ ಜನಿಸಿದ ಮೆಲನ್ಬಿ, ಕೇಂಬ್ರಿಜ್‌ನಲ್ಲಿ ಗೌಲೆಂಡ್ ಹಾಪ್‌ಕಿನ್ಸರ ಬಳಿ ಶಿಕ್ಷಣ ಪಡೆದು ವೈದ್ಯರಾದರು. 1914ರಲ್ಲಿ ಅವರು ವರಿಸಿದ ಮೇ ಅವರೂ ಸಂಶೋಧಕಿಯೇ. ಮುಂದೆ ನಾಯಿಗಳ ಹಲ್ಲಿನ ಬೆಳವಣಿಗೆಗೂ ಆಹಾರಕ್ಕೂ ಇರುವ ಸಂಬಂಧವನ್ನು ಆಕೆ ಶೋಧಿಸಿದರು.

ವೈದ್ಯಕೀಯ ಸಂಶೋಧನ ಸಮಿತಿಯು ರಿಕೆಟ್ಸಿನ ಪರಿಶೋಧನೆಯನ್ನು ವಹಿಸಿದಾಗ ಮೆಲನ್ಬಿ ಲಂಡನ್ನಿನಲ್ಲಿ ಅಧ್ಯಾಪಕರು. ನಾಯಿಮರಿಗಳನ್ನು ಒಳಗೇ ಇರಿಸಿ, ಓಟ್ಸ್ ಗಂಜಿ, ರೊಟ್ಟಿ, ಕೆನೆ ತೆಗೆದ ಹಾಲುಗಳಂತಹ ಆಹಾರವನ್ನಿತ್ತು ಅವರು ಕಾದರು. ಹೊಟ್ಟೆ ತುಂಬಿತ್ತು; ಮೈಯೂ ಬೆಳೆಯುತ್ತಿತ್ತು; ಆದರೆ ಕಾಲುಗಳು ಬಾಗಿದವು. ಕಾಡ್ ಮೀನಿನ ಎಣ್ಣೆಯನ್ನು ಸೇರಿಸಿದೊಡನೆ ಆ ರೋಗ ತಲೆದೋರಲಿಲ್ಲ. 1918 ಮತ್ತು 1919ರಲ್ಲಿ ಪ್ರಕಟವಾದ ಈ ಫಲಿತಾಂಶವು ರಿಕೆಟ್ಸ್ ಆಹಾರದ ಕೊರತೆಯಿಂದಲೂ ಬರುವುದೆಂದು ಸ್ಥಾಪಿಸಿತು.

ಆದರೆ ಆ ಎಣ್ಣೆಯಲ್ಲಿದ್ದ ರಕ್ಷಕವಸ್ತುವನ್ನು ಅವರು 'ಎ' ಜೀವಸತ್ವವೆಂದೇ, ಇಲ್ಲವೆ ಅದಕ್ಕೆ ಹೋಲುವ ಮತ್ತೊಂದೆಂದೇ ಊಹಿಸಿದ್ದರು. 1922ರಲ್ಲಿ ಅಮೆರಿಕದ ಮೆಕಾಲಂ, ಎಣ್ಣೆಯ 'ಎ' ಜೀವಸತ್ವವನ್ನು ನಾಶಪಡಿಸಿದ ಮೇಲೂ ರಿಕೆಟ್ಸನ್ನು ತಡೆಯುವ ಶಕ್ತಿ ಉಳಿಯುವುದನ್ನು ತೋರಿಸಿದರು. ಅದಕ್ಕೇ 'ಡಿ' ಎಂದು ಹೆಸರಾಯಿತು. ಬಿಸಿಲಿನ ಪಕ್ಷದವರೂ ಸುಳ್ಳಾಡಿರಲಿಲ್ಲ. ಮನುಷ್ಯನ ಚರ್ಮ ಬಿಸಿಲಿನಲ್ಲಿ ಈ ಜೀವಸತ್ವವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ನಾಯಿಯ ಚರ್ಮಕ್ಕೆ ಆ ಸಾಮರ್ಥ್ಯ ಬಹುಮಟ್ಟಿಗೆ ಇಲ್ಲವೆಂಬುದು ಬಹುಕಾಲದ ಬಳಿಕ ತಿಳಿಯಿತು. ಆಹಾರವೊಂದನ್ನೇ ನೆಚ್ಚಬೇಕಾದ ಜೀವಿಯನ್ನೇ ಮೆಲನ್ಬಿ ಅರಿಯದೆ ಆರಿಸಿಕೊಂಡಿದ್ದರು!

ಒಳ್ಳೆಯ ಧಾನ್ಯವೆಂದು ಹೊಗಳಿಸಿಕೊಂಡ ಓಟ್ಸೇ ನಾಯಿಮರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ರಿಕೆಟ್ಸ್ ತಂದದ್ದು ಅವರಿಗೆ ವಿಚಿತ್ರವೆನಿಸಿತು. ಅದರಲ್ಲಿರುವ ಫೈಟಿಕ್ ಆಮ್ಲವು ಸುಣ್ಣದ ಅಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವುದೆಂಬುದು ಮುಂದೆ ಹೊರಬಿತ್ತು. ಖನಿಜವು ಬಟ್ಟಲಲ್ಲಿದ್ದರೆ ಸಾಲದು, ಮೈಗೆ ಹತ್ತಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹಿಟ್ಟಿಗೆ ಸೀಮೆಸುಣ್ಣವನ್ನು ಬೆರೆಸಿದುದರ ಹಿಂದೆ ಈ ಬಗೆಯ ಅರಿವೇ ಇತ್ತು.

1920ರಲ್ಲಿ ಷೆಫೀಲ್ಡಿನಲ್ಲಿ ಪ್ರಾಧ್ಯಾಪಕರಾದ ಅವರು, 1933ರಿಂದ 1949ರವರೆಗೆ ವೈದ್ಯಕೀಯ ಸಂಶೋಧನ ಮಂಡಲಿಯ ಕಾರ್ಯದರ್ಶಿಯಾಗಿದ್ದರು. ಬಿಡುವು ದೊರೆತ ಮೇಲೂ ವಿಶ್ರಮಿಸದೆ, 1950ರ ಸುಮಾರಿಗೆ ಲಖನೌಗೆ ಬಂದು, ನಮ್ಮ ಕೇಂದ್ರೀಯ ಔಷಧ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. 1955ರ ಜನವರಿಯಲ್ಲಿ ಅವರು ತೀರಿಕೊಂಡರು.

ಅವರ ಕೀರ್ತಿಯನ್ನು ಸ್ಮರಿಸುವಾಗ, ಬಾಗಿದ ಕಾಲುಗಳಿಂದ ನಡೆದ ಆ ಮೂಕ ಮರಿಗಳನ್ನು ಮರೆಯುವುದು ನ್ಯಾಯವಲ್ಲ. ಅವು ಪಟ್ಟ ಬಾಧೆಯಿಂದ ಅಸಂಖ್ಯಾತ ಮಕ್ಕಳು ನೆಟ್ಟಗೆ ನಿಂತರು. ಆ ಋಣವನ್ನು ನಾವು ತೀರಿಸಿದ್ದೇವೆಯೆ? ಮನೆಯ ನಾಯಿಮರಿಗೆ ಬರಿಯ ಅನ್ನವನ್ನೋ ಎಲುಬಿಲ್ಲದ ಮಾಂಸವನ್ನೋ ಹಾಕಿ ತೃಪ್ತರಾಗುವವರು ಇಂದಿಗೂ ಉಂಟು. ಎರಡರಲ್ಲಿಯೂ ಸುಣ್ಣದ ಅಂಶ ಅತ್ಯಲ್ಪ. ರಂಜಕಕ್ಕಿಂತ ಅದು ತುಸು ಹೆಚ್ಚಿರಬೇಕು. ಹಾಗೆಂದು ಮೀನೆಣ್ಣೆಯನ್ನೂ ಸುಣ್ಣದ ಗುಳಿಗೆಯನ್ನೂ ಮಿತಿಮೀರಿ ಸುರಿದರೆ ಅದೇ ಎಲುಬು ಕೆಡುತ್ತದೆ. ಅಳತೆಯರಿತು ಉಣಿಸುವುದೇ ಅವಕ್ಕೆ ನಾವು ಸಲ್ಲಿಸಬಹುದಾದ ಕೃತಜ್ಞತೆ.