ಹಸಿದವರ ಹಂಬಲವನರಿತ ತಾಯಿ: ಉಮಾಬಾಯಿ ಕುಂದಾಪುರ

ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಖಡ್ಗ, ಕೋವಿ, ಕುದುರೆಗಳ ಚಿತ್ರ. ಆದರೆ ಹೋರಾಡುವವನಿಗೂ ಹಸಿವುಂಟು. ಆ ಹಸಿವನ್ನು ಹಿಂಗಿಸಿದ ಕೈಗಳ ಹೆಸರು ಇತಿಹಾಸದ ಪುಟಗಳಲ್ಲಿ ವಿರಳ. 1917ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿಗೆ ಬಂದಿದ್ದ ಅಮೆರಿಕದ ಸೈನಿಕರಿಗೆ ಸಾಲ್ವೇಶನ್ ಆರ್ಮಿಯ ಸ್ವಯಂಸೇವಕಿಯರು ರಣರಂಗದ ಸಮೀಪದಲ್ಲಿಯೇ ಡೋನಟ್ ಎಂಬ ಸಿಹಿ ತಿಂಡಿಯನ್ನು ಕರಿದು ಹಂಚಿದರು. ನಮ್ಮ ಸ್ವಾತಂತ್ರ್ಯಸಮರದಲ್ಲಿಯೂ ಅಂಥ ತಾಯಂದಿರಿದ್ದರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಲ್ಲಿ ಒಬ್ಬರು. ಅವರ ಬಾಳಿನಲ್ಲಿ ನಾವಿರುವ ಈ ಪುಣೆಗೂ ಒಂದು ಸ್ಥಾನವುಂಟು.

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತವರಿನಲ್ಲಿ ಅವರ ಹೆಸರು ಭವಾನಿ ಗೋಳಿಕೇರಿ. ಎಳವೆಯಲ್ಲಿಯೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಗಿ ಮುಂಬಯಿಯಲ್ಲಿ ನೆಲಸಿದರು. ಹೆಣ್ಣುಮಕ್ಕಳಿಗೆ ಓದು ಸಲ್ಲದೆಂಬ ನಂಬಿಕೆ ಬಲವಾಗಿದ್ದ ಕಾಲವದು. ಆದರೆ ಅವರ ಮಾವ ಆನಂದರಾಯರು ಸ್ತ್ರೀಶಿಕ್ಷಣದ ಪಕ್ಷಪಾತಿಗಳು. ಅವರ ಪ್ರೋತ್ಸಾಹದಿಂದ ಸೊಸೆ ಮದುವೆಯ ತರುವಾಯ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು.

ಪತಿಯು ಅಕಾಲದಲ್ಲಿ ತೀರಿಕೊಂಡಾಗ ಮಾವನೂ ಸೊಸೆಯೂ ಹುಬ್ಬಳ್ಳಿಗೆ ಬಂದರು. ಆನಂದರಾಯರು ಅಲ್ಲಿ ಕರ್ನಾಟಕ ಮುದ್ರಣಾಲಯವನ್ನು ತೆರೆದರು. ವೈಧವ್ಯವೆಂದರೆ ಮನೆಯ ಮೂಲೆಯೇ ಗತಿಯೆಂದು ಸಮಾಜವು ವಿಧಿಸಿದ್ದ ದಿನಗಳಲ್ಲಿ ಉಮಾಬಾಯಿಯವರು ಮನೆಯಿಂದ ಹೊರಗೆ ಕಾಲಿಟ್ಟು, ಭಗಿನೀ ಮಂಡಲವನ್ನು ಸ್ಥಾಪಿಸಿ, ತಿಲಕ ಕನ್ಯಾಶಾಲೆಯ ಹೊಣೆಯನ್ನು ಹೊತ್ತರು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದಲ್ಲಿ ಮಹಿಳಾ ವಿಭಾಗದ ನಾಯಕಿಯಾದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ಜರುಗಿತು. ಅದರ ಸೇವೆಗಾಗಿ ಉಮಾಬಾಯಿಯವರು 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದರು. ಅವರಲ್ಲಿ ವಿಧವೆಯರೂ ಇದ್ದರೆಂಬುದು ಗಮನಾರ್ಹ.

1932ರಲ್ಲಿ ಸರಕಾರವು ಅವರನ್ನು ಬಂಧಿಸಿ, ಪುಣೆಯ ಯೆರವಡಾ ಸೆರೆಮನೆಯಲ್ಲಿ ನಾಲ್ಕು ತಿಂಗಳು ಇರಿಸಿತು. ತಂದೆಗಿಂತ ಮಿಗಿಲಾಗಿ ಬೆಂಬಲಿಸಿದ್ದ ಮಾವನವರು ಅದೇ ಅವಧಿಯಲ್ಲಿ ನಿಧನರಾದರು. ಕೊನೆಯ ದರ್ಶನವೂ ಸೊಸೆಗೆ ದೊರೆಯಲಿಲ್ಲ. ಬಿಡುಗಡೆಯಾಗಿ ಮರಳಿದಾಗ ಮುದ್ರಣಾಲಯವು ಮುಟ್ಟುಗೋಲಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನೀ ಮಂಡಲವು ಕಾನೂನುಬಾಹಿರವೆನಿಸಿತ್ತು. ಉಳಿದದ್ದು ಒಂದು ಚಿಕ್ಕ ಮನೆ. ಸೆರೆಯಿಂದ ಹೊರಬಂದು ದಿಕ್ಕುಗಾಣದೆ ನಿಂತ ಸತ್ಯಾಗ್ರಹಿ ಸೋದರಿಯರಿಗೆ ಆ ಮನೆಯೇ ಆಶ್ರಯವಾಯಿತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸ್ವಯಂಸೇವಕರೊಡನೆ ಅಲ್ಲಿಗೂ ಧಾವಿಸಿ, ಸಂತ್ರಸ್ತರ ಶಿಬಿರಗಳಲ್ಲಿ ದುಡಿದರು.

1942ರ ಚಲೇಜಾವ್ ಚಳವಳಿಯ ವೇಳೆಗೆ ಅವರ ವಯಸ್ಸು 50. ದೇಹಾರೋಗ್ಯವೂ ಕುಂದಿತ್ತು. ಎರಡನೆಯ ಮಹಾಯುದ್ಧದ ಕಾಲವಾದುದರಿಂದ ಸರಕಾರದ ದಮನವು ಕಠೋರವಾಗಿತ್ತು. ಭೂಗತರಾಗಿದ್ದ ಹೋರಾಟಗಾರರು ನಡುರಾತ್ರಿಯಲ್ಲಿ ಹಸಿದು ಬಂದು ಅವರ ಬಾಗಿಲು ತಟ್ಟುತ್ತಿದ್ದರು. ಉಮಾಬಾಯಿಯವರು ಅವರಿಗೆ ಅನ್ನವನ್ನಿಕ್ಕಿ, ಕೈಲಾದ ಹಣವನ್ನೂ ಕೊಟ್ಟು ಕಳುಹಿಸುತ್ತಿದ್ದರು. ಫ್ರಾನ್ಸಿನಲ್ಲಿ ತಿಂಡಿ ಹಂಚಿದ ಸೋದರಿಯರ ಬೆನ್ನಿಗೆ ಒಂದು ಸೇನೆಯೇ ಇತ್ತು. ಈ ತಾಯಿಯ ಬೆನ್ನಿಗೆ ಯಾರೂ ಇರಲಿಲ್ಲ. ಬಡಿಸಿದ ಒಂದು ತುತ್ತು ಬಯಲಾದರೂ ಮತ್ತೆ ಸೆರೆವಾಸವೇ ಕಾದಿತ್ತು. ಯೆರವಡೆಯ ಗೋಡೆಗಳನ್ನು ಒಮ್ಮೆ ಕಂಡು ಬಂದವರು, ತಿಳಿದೂ ತಿಳಿದೂ ಬಾಗಿಲು ತೆರೆದರು.

ಬಾಲಕ ಬಾಲಕಿಯರೇ, ನಿಮ್ಮಲ್ಲಿ ಅನೇಕರು ನಮ್ಮ ನಗರದ ಆಗಾಖಾನ್ ಅರಮನೆಯನ್ನು ನೋಡಿರಬಹುದು. ಅಲ್ಲಿ ಬಂಧನದಲ್ಲಿದ್ದ ಕಸ್ತೂರಬಾ ಅವರು 1944ರ ಫೆಬ್ರುವರಿ 22ರಂದು ಕಣ್ಮುಚ್ಚಿದರು. ಅವರ ಸ್ಮಾರಕವಾಗಿ ಹುಟ್ಟಿದ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು 1946ರಲ್ಲಿ ಗಾಂಧೀಜಿಯವರು ಉಮಾಬಾಯಿಯವರಿಗೆ ಒಪ್ಪಿಸಿದರು. ಆರೋಗ್ಯ, ಶಿಶುಪಾಲನೆ ಮೊದಲಾದ ವಿಷಯಗಳಲ್ಲಿ ಗ್ರಾಮಸೇವಿಕೆಯರನ್ನು ತರಬೇತುಗೊಳಿಸುವ ಕಾರ್ಯದಲ್ಲಿ ಅವರು ತೊಡಗಿದರು.

ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಅವರು ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ ತಮ್ಮ ಪುಟ್ಟ ಮನೆಗೆ ಮಾವನ ನೆನಪಿನಲ್ಲಿ ‘ಆನಂದ ಸ್ಮೃತಿ’ ಎಂದು ಹೆಸರಿತ್ತು. ಅಲ್ಲಿಯೇ ಸರಳವಾಗಿ ಬಾಳಿ, 1992ರಲ್ಲಿ, ಶತಾಯುಷಿಯಾಗಿ, ಇಹಲೋಕವನ್ನು ತ್ಯಜಿಸಿದರು. ಹಸಿದು ಬಂದವರಿಗೆ ಇಕ್ಕಿದ ಅನ್ನದ ಲೆಕ್ಕವನ್ನು ಅವರು ಯಾರಿಗೂ ಒಪ್ಪಿಸಲಿಲ್ಲ, ಯಾರಿಂದಲೂ ಅದರ ಬೆಲೆಯನ್ನು ಬೇಡಲಿಲ್ಲ.