ಅಕ್ಷರ ಕಲಿತ ಗುಲಾಮ, ಸಭೆಯನ್ನೇ ಶಾಲೆಯಾಗಿಸಿದ ಗುರು: ಅಬ್ಸಲೋಮ್ ಜೋನ್ಸ್

ಮನೆಗೆ ಬಂದ ಅತಿಥಿಗಳು ಕೈಗಿಡುತ್ತಿದ್ದ ಪುಡಿಗಾಸನ್ನು ಕೂಡಿಟ್ಟು ಗುಲಾಮ ಬಾಲಕನೊಬ್ಬ ಅಕ್ಷರಮಾಲೆಯ ಪುಸ್ತಕ ಕೊಂಡ. ಓದು ಬಲ್ಲವರು ಯಾರೇ ಎದುರಾದರೂ ಒಂದಿಷ್ಟು ಹೇಳಿಕೊಡಿರೆಂದು ಬೇಡಿದ. ಅದರ ಬೆನ್ನಿಗೆ ಕಾಗುಣಿತದ ಪುಸ್ತಕ ಬಂತು, ಆಮೇಲೆ ಹೊಸ ಒಡಂಬಡಿಕೆ. ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಮೊದಲ ಕಪ್ಪು ವರ್ಣೀಯ ಪಾದ್ರಿ ಅಬ್ಸಲೋಮ್ ಜೋನ್ಸ್ ಅವರ ವಿದ್ಯಾಭ್ಯಾಸ ಆರಂಭವಾದದ್ದು ಹೀಗೆ.

ಎಪಿಸ್ಕೋಪಲ್ ಚರ್ಚ್ ಎಂದರೆ ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಅಮೆರಿಕನ್ ಶಾಖೆ. ನಮ್ಮಲ್ಲಿ ಸಿಎಸ್‌ಐ ಎಂದೇ ಪರಿಚಿತವಾದ ದಕ್ಷಿಣ ಭಾರತ ಸಭೆಯೂ ಇದೇ ಬಳಗಕ್ಕೆ ಸೇರಿದೆ. ಆ ಚರ್ಚು ಪ್ರತಿವರ್ಷ ಫೆಬ್ರವರಿ 13ರಂದು, ಅವರು ತೀರಿಕೊಂಡ ದಿನ, ಜೋನ್ಸ್ ಅವರನ್ನು ಸ್ಮರಿಸುತ್ತದೆ. ಆದರೆ ಅವರು ಬದುಕಿದ್ದಾಗ ಅದೇ ಚರ್ಚು ಅವರೊಡನೆ ನಡೆದುಕೊಂಡ ರೀತಿ ಅಷ್ಟೇನೂ ಉದಾರವಾಗಿರಲಿಲ್ಲ.

ಹಗಲು ಅಂಗಡಿ, ಇರುಳು ಶಾಲೆ

ಜೋನ್ಸ್ ಹುಟ್ಟಿದ್ದು 1746ರ ನವೆಂಬರ್ 6ರಂದು, ಡೆಲವೇರ್‌ನ ಸಸೆಕ್ಸ್ ಪ್ರದೇಶದಲ್ಲಿ. 1762ರಲ್ಲಿ ಒಡೆಯ ಬೆಂಜಮಿನ್ ವಿಂಕೂಪ್ ಜಮೀನು ಮಾರಿ ಫಿಲಡೆಲ್ಫಿಯಾ ನಗರಕ್ಕೆ ಹೊರಟಾಗ ಅಬ್ಸಲೋಮ್‌ನ ತಾಯಿ, ಐವರು ಸೋದರರು ಹಾಗೂ ಸೋದರಿಯನ್ನೂ ಮಾರಿದ. ಹದಿನಾರು ತುಂಬದ ಹುಡುಗನನ್ನು ಮಾತ್ರ ಜೊತೆಗೆ ಕರೆದೊಯ್ದ.

ನಗರದಲ್ಲಿ ಅವನಿಗೆ ಒಡೆಯನ ಅಂಗಡಿಯಲ್ಲಿ ಕೆಲಸ. ಅಲ್ಲಿನ ಗುಮಾಸ್ತನೊಬ್ಬ ಬರೆಯುವುದನ್ನು ಕಲಿಸಿದ. 1766ರಲ್ಲಿ ಒಡೆಯನ ಅನುಮತಿ ಪಡೆದು ಕಪ್ಪು ಜನರಿಗಾಗಿ ನಡೆಯುತ್ತಿದ್ದ ರಾತ್ರಿ ಶಾಲೆಗೂ ಹೋದ. ದಕ್ಷಿಣದ ಸೌತ್ ಕೆರೊಲಿನಾದಲ್ಲಿ ಗುಲಾಮರಿಗೆ ಬರವಣಿಗೆ ಕಲಿಸುವುದನ್ನು 1740ರಲ್ಲೇ ಕಾನೂನು ನಿಷೇಧಿಸಿತ್ತು. ಆಂಥೊನಿ ಬೆನೆಜೆಟ್ ಅವರಂಥ ಕ್ವೇಕರ್ ಪಂಥೀಯರಿದ್ದ ಫಿಲಡೆಲ್ಫಿಯಾದಲ್ಲಿ ಬಾಗಿಲು ಅಷ್ಟರಮಟ್ಟಿಗೆ ತೆರೆದಿತ್ತು.

1770ರಲ್ಲಿ ಜೋನ್ಸ್ ಅವರು ಮೇರಿ ಎಂಬಾಕೆಯನ್ನು ವಿವಾಹವಾದರು. ಆಕೆಯೂ ಗುಲಾಮಳೇ. ತಾಯಿಯ ಸ್ಥಿತಿಯೇ ಮಕ್ಕಳ ಸ್ಥಿತಿ ಎಂಬುದು ಅಂದಿನ ಕಾನೂನು. ಆದ್ದರಿಂದ ಜೋನ್ಸ್ ಮೊದಲು ಬಿಡಿಸಿಕೊಂಡದ್ದು ತಮ್ಮನ್ನಲ್ಲ, ಹೆಂಡತಿಯನ್ನು. ದಾನ ಬೇಡಿ, ಸಾಲ ಮಾಡಿ ಹಣ ಹೊಂದಿಸಿದರು. ನಡುರಾತ್ರಿಯವರೆಗೂ ದುಡಿದು ಸಾಲ ತೀರಿಸಿದರು. ಆನಂತರ ತಮ್ಮ ಬಿಡುಗಡೆಗಾಗಿ ಒಡೆಯನನ್ನು ಮತ್ತೆ ಮತ್ತೆ ಕೇಳಿದರು. ಒಪ್ಪಿಗೆ ಸಿಕ್ಕಿದ್ದು 1784ರಲ್ಲಿ. ಆಗ ಅವರ ವಯಸ್ಸು ಮೂವತ್ತೇಳು. ಬಿಡುಗಡೆಯ ನಂತರವೂ ಅದೇ ಅಂಗಡಿಯಲ್ಲಿ ಕೂಲಿಗೆ ದುಡಿದರು.

ಪ್ರಾರ್ಥನೆಗೆ ಬಾಗಿದವರನ್ನು ಎಬ್ಬಿಸಿದರು

1787ರ ಏಪ್ರಿಲ್‌ನಲ್ಲಿ ಜೋನ್ಸ್ ಹಾಗೂ ರಿಚರ್ಡ್ ಆಲನ್ ಸೇರಿ ಫ್ರೀ ಆಫ್ರಿಕನ್ ಸೊಸೈಟಿ ಎಂಬ ಪರಸ್ಪರ ಸಹಾಯ ಸಂಘವನ್ನು ಸ್ಥಾಪಿಸಿದರು. ರೋಗಿಗಳು, ವಿಧವೆಯರು, ತಂದೆಯಿಲ್ಲದ ಮಕ್ಕಳ ನೆರವಿಗೆ ಸದಸ್ಯರು ವಂತಿಗೆ ಕೂಡಿಸುತ್ತಿದ್ದರು.

ಇಬ್ಬರೂ ಆಗ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನ ಸದಸ್ಯರು. ಕಪ್ಪು ಜನರ ಸಂಖ್ಯೆ ಹೆಚ್ಚಿದಂತೆ ಅವರನ್ನು ಮೇಲಂತಸ್ತಿನ ಗ್ಯಾಲರಿಗೆ ಕಳುಹಿಸಲಾಯಿತು. ಒಂದು ಭಾನುವಾರ ಪ್ರಾರ್ಥನೆಗೆ ಮೊಣಕಾಲೂರಿದ್ದ ಜೋನ್ಸ್ ಅವರನ್ನು ಚರ್ಚಿನ ಮೇಲ್ವಿಚಾರಕ ಹಿಡಿದೆಬ್ಬಿಸಲು ಮುಂದಾದ. ಪ್ರಾರ್ಥನೆ ಮುಗಿಯುವತನಕವೂ ತಾಳ್ಮೆಯಿರಲಿಲ್ಲ. ಪ್ರಾರ್ಥನೆ ಮುಗಿದೊಡನೆ ಕಪ್ಪು ಸದಸ್ಯರೆಲ್ಲರೂ ಒಟ್ಟಾಗಿ ಹೊರನಡೆದರು. ಸ್ವಂತ ಚರ್ಚು ಕಟ್ಟುವ ಯೋಚನೆ ಗಟ್ಟಿಯಾಯಿತು.

ಆ ಕೆಲಸ ನಡೆದಿರುವಾಗಲೇ 1793ರ ಹಳದಿ ಜ್ವರ ಎರಗಿತು. ಸುಮಾರು 50 ಸಾವಿರ ಜನರಿದ್ದ ಪ್ರದೇಶದಲ್ಲಿ ಹೆಚ್ಚುಕಡಿಮೆ 5 ಸಾವಿರ ಮಂದಿ ಸತ್ತರು. ಕಪ್ಪು ಜನರಿಗೆ ಈ ಜ್ವರ ತಗಲದೆಂಬ ತಪ್ಪು ನಂಬಿಕೆಯಿಂದ ವೈದ್ಯ ಬೆಂಜಮಿನ್ ರಷ್ ಅವರ ನೆರವು ಕೋರಿದರು. ಜೋನ್ಸ್, ಆಲನ್ ಮತ್ತು ಸಂಗಡಿಗರು ರೋಗಿಗಳ ಶುಶ್ರೂಷೆಗೂ ಶವಗಳ ಸಂಸ್ಕಾರಕ್ಕೂ ನಿಂತರು. ಜ್ವರ ಅವರನ್ನೂ ಬಿಡಲಿಲ್ಲ. ಕಪ್ಪು ಜನರೂ ನೂರಾರು ಮಂದಿ ಬಲಿಯಾದರು.

ಇಷ್ಟಾದರೂ ಪ್ರಕಾಶಕ ಮ್ಯಾಥ್ಯೂ ಕ್ಯಾರಿ, ಕೆಲವು ಕಪ್ಪು ಶುಶ್ರೂಷಕರು ರೋಗಿಗಳನ್ನು ಸುಲಿದರೆಂದು ಬರೆದರು. 1794ರಲ್ಲಿ ಜೋನ್ಸ್ ಮತ್ತು ಆಲನ್ ಮುದ್ರಿತ ಪುಸ್ತಿಕೆಯ ಮೂಲಕವೇ ಉತ್ತರಿಸಿದರು. ಜಮಾ ಖರ್ಚಿನ ಲೆಕ್ಕ ಕೊಟ್ಟು, ಬಂದದ್ದಕ್ಕಿಂತ ವೆಚ್ಚವಾದದ್ದೇ ಹೆಚ್ಚೆಂದು ತೋರಿಸಿದರು. ಅಂಗಡಿಯ ಗುಮಾಸ್ತನಿಂದ ಕಲಿತ ಅಕ್ಷರ ಒಂದು ಸಮುದಾಯದ ಮಾನ ಕಾಯಿತು.

ವಿನಾಯಿತಿಗೆ ತೆತ್ತ ಬೆಲೆ

1794ರ ಜುಲೈ 17ರಂದು ಹೊಸ ಚರ್ಚಿನ ಬಾಗಿಲು ತೆರೆಯಿತು. ಹೆಚ್ಚಿನ ಸದಸ್ಯರು ಎಪಿಸ್ಕೋಪಲ್ ಚರ್ಚಿಗೆ ಸೇರಲು ಬಯಸಿದರು. ಮೆಥಡಿಸ್ಟ್ ಪಂಥ ಬಿಡಲೊಲ್ಲದ ಆಲನ್ ಬೇರೆ ದಾರಿ ಹಿಡಿದರು. ಜೋನ್ಸ್ ಹೊಣೆ ಹೊತ್ತರು. ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಚರ್ಚ್ ಮೂರು ಷರತ್ತುಗಳನ್ನು ಮುಂದಿಟ್ಟಿತು. ತಮ್ಮನ್ನು ಸಂಘಟಿತ ಸಭೆಯಾಗಿಯೇ ಸ್ವೀಕರಿಸಬೇಕು. ಆಡಳಿತ ತಮ್ಮ ಕೈಯಲ್ಲೇ ಇರಬೇಕು. ಜೋನ್ಸ್ ಅವರಿಗೆ ಆರಾಧನೆ ನಡೆಸಲು ಪರವಾನಗಿ ನೀಡಿ, ಅರ್ಹರೆನಿಸಿದರೆ ಪಾದ್ರಿಯಾಗಿ ಅಭಿಷೇಕಿಸಬೇಕು. ಬಿಷಪ್ ವಿಲಿಯಂ ವೈಟ್ ಒಪ್ಪಿದರು.

ಅಡ್ಡಿ ಬಂದದ್ದು ವಿದ್ಯೆಯ ಹೆಸರಿನಲ್ಲಿ. ಪಾದ್ರಿಯಾಗುವವರಿಗೆ ಲ್ಯಾಟಿನ್ ಮತ್ತು ಗ್ರೀಕ್ ತಿಳಿದಿರಬೇಕೆಂಬ ನಿಯಮವಿತ್ತು. ಗುಲಾಮಗಿರಿಯಲ್ಲಿ ಮೂವತ್ತೇಳು ವರ್ಷ ಕಳೆದವರಿಗೆ ಗ್ರೀಕ್ ಕಲಿಸುವವರಾದರೂ ಯಾರು? 1795ರಲ್ಲಿ ಪ್ರಾಂತೀಯ ಮಹಾಸಭೆ ವಿನಾಯಿತಿ ನೀಡಿತು. ಆದರೆ ಸೇಂಟ್ ಥಾಮಸ್ ಸಭೆ ಮಹಾಸಭೆಗೆ ಪಾದ್ರಿಯನ್ನಾಗಲೀ ಪ್ರತಿನಿಧಿಗಳನ್ನಾಗಲೀ ಕಳುಹಿಸುವಂತಿಲ್ಲ ಎಂದಿತು. ಬೋಧಿಸಬಹುದು, ಮತ ಹಾಕುವಂತಿಲ್ಲ.

ಜೋನ್ಸ್ ಅದೇ ವರ್ಷ ಡೀಕನ್ ಆದರು, ಹಲವು ವರ್ಷಗಳ ಬಳಿಕ ಪಾದ್ರಿಯಾದರು. ಕಲಿಸುವ ಅವಕಾಶವಾದರೂ ಸಿಕ್ಕಿತಲ್ಲ, ಅದನ್ನೇ ಪೂರ್ತಿ ಬಳಸಿಕೊಂಡರು.

ಸಭೆಯೇ ಪಾಠಶಾಲೆ

ಅಂದಿನ ಎಪಿಸ್ಕೋಪಲ್ ಪ್ರಾರ್ಥನಾ ಪುಸ್ತಕದ ಪ್ರಕಾರ ಧರ್ಮಶಿಕ್ಷಣ ಪಾದ್ರಿಯ ಕರ್ತವ್ಯವಾಗಿತ್ತು. ಭಾನುವಾರ ಹಾಗೂ ಹಬ್ಬದ ದಿನ ಅವರು ಮಕ್ಕಳನ್ನು ಚರ್ಚಿನಲ್ಲಿ ಎಲ್ಲರೆದುರು ನಿಲ್ಲಿಸಿ ವಿಶ್ವಾಸ ಪ್ರಮಾಣ, ದಶಾಜ್ಞೆ, ಕರ್ತನ ಪ್ರಾರ್ಥನೆಗಳನ್ನು ಪ್ರಶ್ನೋತ್ತರ ರೂಪದಲ್ಲಿ ಕಲಿಸಬೇಕಿತ್ತು. ತಂದೆ ತಾಯಿ ಮಕ್ಕಳನ್ನು, ಯಜಮಾನರು ಆಳುಗಳನ್ನು ಪಾಠಕ್ಕೆ ಕಳುಹಿಸಬೇಕೆಂದೂ ಆ ಪುಸ್ತಕ ಹೇಳುತ್ತಿತ್ತು. ಸೇಂಟ್ ಥಾಮಸ್‌ನಲ್ಲಿ, ಒಂದು ಕಾಲಕ್ಕೆ ಆಳಾಗಿದ್ದವರೇ ಪಾಠ ಹೇಳುವ ಸ್ಥಾನದಲ್ಲಿ ನಿಂತಿದ್ದರು.

ಜೋನ್ಸ್ ಅವರ ಶಿಕ್ಷಣ ಕಾರ್ಯ ಪ್ರಶ್ನೋತ್ತರಕ್ಕೆ ಮುಗಿಯಲಿಲ್ಲ. 1804ರ ಹೊತ್ತಿಗೆ ಸಭೆಯ ಆಶ್ರಯದಲ್ಲಿ ಕಪ್ಪು ಮಕ್ಕಳ ಶಾಲೆ ನಡೆಯುತ್ತಿತ್ತು. ಮಹಿಳೆಯರ ಸಹಾಯ ಸಂಘ, ಆಫ್ರಿಕನ್ ಫ್ರೆಂಡ್ಲಿ ಸೊಸೈಟಿಗಳೂ ಇದೇ ಆವರಣದಲ್ಲಿ ಬೆಳೆದವು.

ಬೋಧನೆ ರಾಜಕೀಯಕ್ಕೂ ಹಬ್ಬಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಆಗ ಫಿಲಡೆಲ್ಫಿಯಾದಲ್ಲೇ ಸೇರುತ್ತಿತ್ತು. 1799ರ ಕೊನೆಯಲ್ಲಿ ಜೋನ್ಸ್ ಮತ್ತು ಸುಮಾರು 70 ಮಂದಿ, ಗುಲಾಮ ವ್ಯಾಪಾರ ತಡೆದು ಹಂತಹಂತವಾಗಿ ಬಿಡುಗಡೆ ನೀಡಬೇಕೆಂದು ಮನವಿ ಬರೆದರು. 1800ರ ಜನವರಿಯಲ್ಲಿ ಪ್ರತಿನಿಧಿ ಸಭೆ ಅದನ್ನು 85ಕ್ಕೆ 1 ಮತದಿಂದ ತಳ್ಳಿಹಾಕಿತು. ಮನವಿಯ ಪರ ನಿಂತ ಒಬ್ಬರೇ ಒಬ್ಬರು ಜಾರ್ಜ್ ಥ್ಯಾಚರ್.

ಎಂಟು ವರ್ಷಗಳ ನಂತರ, 1808ರ ಜನವರಿ 1ರಂದು, ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನು ಜಾರಿಗೆ ಬಂತು. ಅಂದು ಜೋನ್ಸ್ ಸೇಂಟ್ ಥಾಮಸ್‌ನಲ್ಲಿ ಕೃತಜ್ಞತಾ ಪ್ರವಚನ ನೀಡಿದರು. ಈಜಿಪ್ಟಿನಲ್ಲಿ ನರಳುತ್ತಿದ್ದ ಇಸ್ರೇಲರ ಮೊರೆಗೆ ದೇವರು ಕಿವಿಗೊಟ್ಟ ವಿಮೋಚನಕಾಂಡದ ಭಾಗವೇ ಅಂದಿನ ಪಾಠ. ಈ ದಿನವನ್ನು ವರ್ಷವರ್ಷವೂ ಆಚರಿಸಬೇಕು, ಇದೇಕೆಂದು ಮುಂದೆ ಮಕ್ಕಳು ಕೇಳಿದಾಗ ಪೂರ್ವಿಕರ ಸಂಕಟವನ್ನೂ ಬಿಡುಗಡೆಯನ್ನೂ ಅವರಿಗೆ ತಿಳಿಸಬೇಕು ಎಂದು ಬೋಧಿಸಿದರು. ಪುಸ್ತಕದಲ್ಲಿಲ್ಲದ ಒಂದು ಹೊಸ ಪ್ರಶ್ನೋತ್ತರವನ್ನು ಅವರು ತಮ್ಮ ಸಭೆಗೆ ಹೀಗೆ ಕೊಟ್ಟರು.

ಅವರ ನಂತರ

1818ರ ಫೆಬ್ರವರಿ 13ರಂದು, 71ನೆಯ ವಯಸ್ಸಿನಲ್ಲಿ, ಜೋನ್ಸ್ ನಿಧನರಾದರು. ಸೇಂಟ್ ಥಾಮಸ್ ಸಭೆಗೆ ಮಹಾಸಭೆಯಲ್ಲಿ ಸ್ಥಾನ ದೊರೆತದ್ದು 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ. ಜೋನ್ಸ್ ತೀರಿಕೊಂಡು ಆಗಲೇ 46 ವರ್ಷ ಕಳೆದಿದ್ದವು.

ಇತ್ತೀಚಿನ ವರ್ಷಗಳಲ್ಲಿ ಎಪಿಸ್ಕೋಪಲ್ ಚರ್ಚು ಅವರ ಸ್ಮರಣೆಯ ದಿನ ಸಭೆಗಳಿಂದ ಕಾಣಿಕೆ ಕೇಳುತ್ತದೆ. ಕಪ್ಪು ವಿದ್ಯಾರ್ಥಿಗಳಿಗಾಗಿ ಹಿಂದೆ ಸ್ಥಾಪಿತವಾದ ಕಾಲೇಜುಗಳ ನೆರವಿಗೆ ಆ ಹಣ ಸಲ್ಲುತ್ತದೆ. ಪುಡಿಗಾಸು ಕೂಡಿಟ್ಟು ಅಕ್ಷರಮಾಲೆ ಕೊಂಡ ಬಾಲಕನ ಹೆಸರಿನಲ್ಲಿ ಸಂಗ್ರಹವಾಗುವ ಕಾಣಿಕೆಗೆ ಇದಕ್ಕಿಂತ ತಕ್ಕ ವಿನಿಯೋಗ ಮತ್ತೊಂದಿರಲಾರದು.