ಭಾನುವಾರ ಅಂಗಡಿ ತೆರೆಯದ ತಂದೆ: ಸಂತ ಲೂಯಿ ಮಾರ್ಟಿನ್

1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಭದ್ರಾವತಿಯಲ್ಲಿ ಪಾಳಿ ಕೆಲಸದವರಿಗೆ ಭಾನುವಾರವೂ ಸೋಮವಾರವೂ ಒಂದೇ ಆಗಿತ್ತು. ಶಿವಮೊಗ್ಗದ ವ್ಯಾಪಾರಿಗೂ ಭಾನುವಾರ ಬಾಗಿಲು ಹಾಕಿದರೆ ಆ ದಿನದ ಸಂಪಾದನೆ ಇಲ್ಲ. ದುಡಿಮೆ, ದೇವಾಲಯ, ಮನೆ ಮೂರನ್ನೂ ನಿಭಾಯಿಸುವ ಇಲ್ಲಿನ ತಂದೆಯರಿಗೆ ಸಂತ ಲೂಯಿ ಮಾರ್ಟಿನ್ ಹತ್ತಿರದವರು.

1823ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಲೂಯಿ, ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದರು. ನಿತ್ಯವೂ ಬೆಳಗಿನ ಜಾವದ ಬಲಿಪೂಜೆಯ ನಂತರವೇ ಅವರ ಕೆಲಸ. ಭಾನುವಾರ ಒಳ್ಳೆಯ ವ್ಯಾಪಾರದ ದಿನವಾದರೂ ಅವರು ಅಂಗಡಿ ತೆರೆಯಲಿಲ್ಲ. ಬಡವರ ಭೇಟಿ, ಪರಮಪ್ರಸಾದದ ರಾತ್ರಿ ಆರಾಧನೆ, ಸಂಜೆ ಮಕ್ಕಳೊಂದಿಗೆ ಪ್ರಾರ್ಥನೆ ಅವರ ಬದುಕಿನ ಕ್ರಮವಾಗಿತ್ತು.

1858ರಲ್ಲಿ ಝೆಲಿಯವರನ್ನು ವಿವಾಹವಾದರು. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. 1877ರಲ್ಲಿ ಪತ್ನಿಯೂ ಅಗಲಿದರು. ಲೂಯಿ ಐವರು ಹೆಣ್ಣುಮಕ್ಕಳೊಂದಿಗೆ ಲಿಸಿಯೂಗೆ ಬಂದು ನೆಲೆಸಿದರು. ಐವರೂ ಕನ್ಯಾಸ್ತ್ರೀಯರಾದರು, ಕಿರಿಯವಳೇ ಬಾಲಯೇಸುವಿನ ಸಂತ ತೆರೇಸಾ. ಕೊನೆಗಾಲದಲ್ಲಿ ಲೂಯಿಯವರ ಬುದ್ಧಿ ಮಂಕಾಯಿತು. ಮೂರು ವರ್ಷ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ ಅವರು 1894ರಲ್ಲಿ ನಿಧನರಾದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಈ ದಂಪತಿಯನ್ನು ಒಟ್ಟಿಗೇ ಸಂತರೆಂದು ಘೋಷಿಸಿದರು.

ಪಾಳಿಯ ಕಾರ್ಮಿಕನಿಗೆ ಭಾನುವಾರದ ಕೆಲಸ ನಿಲ್ಲಿಸುವುದು ತನ್ನ ಕೈಯಲ್ಲಿಲ್ಲ. ಆದರೆ ದುಡಿದು ಬಂದ ಮೇಲೆ ಮಕ್ಕಳೊಡನೆ ಜಪಸರ ಹಿಡಿದು ಕೂರುವುದು ಅವನ ಕೈಯಲ್ಲೇ ಇದೆ.